ಹಳೇ ಫೋಟೋ ಹಿಂದಿನ ಮನೆಕಥೆ ಹುಡುಕೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಖಾಲಿ ಮಾಡುವಾಗಲೋ ಅಟ್ಟ ಕ್ಲೀನ್ ಮಾಡುವಾಗಲೋ ಒಂದು ಡಬ್ಬಿ ಫೋಟೋ ಸಿಗತ್ತೆ, ಅರ್ಧಕ್ಕರ್ಧ ಮುಖ ಯಾರದ್ದು ಅಂತ ಗೊತ್ತಿರಲ್ಲ, ಏನ್ ಮಾಡೋದು ಅಂತ ಸುಮಾರು ಜನ ಕೇಳ್ತಾ ಇರ್ತಾರೆ. ಪ್ರತಿ ಸಲ ಅದನ್ನೇ ಬೇರೆ ಬೇರೆ ಕಡೆ ಟೈಪ್ ಮಾಡೋ ಬದಲು ಎಲ್ಲಾ ಒಂದೇ ಕಡೆ ಹಾಕ್ತಿದೀನಿ. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವು ಎರಡೇ ಮಾತು.

ಎಲ್ಲಿಂದ ಶುರು ಮಾಡ್ಲಿ? ಯಾವ ಸ್ಕ್ಯಾನರ್ ತಗೊಳ್ಳಲಿ?

ಸ್ಕ್ಯಾನರ್ ವಿಷಯ ಆಮೇಲೆ ನೋಡೋಣ. ಮೊದಲು ನಿಮ್ಮ ಬಳಗದಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರಿಗೆ ಫೋನ್ ಮಾಡಿ, ಯಾವತ್ತು ಬರಲಿ ಅಂತ ಕೇಳಿ. ಡಬ್ಬಿಯೊಳಗೆ ಇಷ್ಟು ವರ್ಷ ಇದ್ದ ಫೋಟೋ ಇನ್ನೊಂದು ವರ್ಷ ಇರತ್ತೆ, ಆದ್ರೆ ಫೋಟೋದಲ್ಲಿರೋರನ್ನ ಕಣ್ಣಾರೆ ಕಂಡಿರೋ ಮನುಷ್ಯ ಇರ್ತಾರೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ. ನಾನು ಇದರಲ್ಲಿ ಎಡವಿದೀನಿ, ಆರು ತಿಂಗಳು ಕೂತು ನೀಟಾಗಿ ಸ್ಕ್ಯಾನ್ ಮಾಡಿ ಫೋಲ್ಡರ್ ಮಾಡಿ ಎಲ್ಲಾ ರೆಡಿ ಮಾಡ್ಕೊಂಡು ದೊಡ್ಡಪ್ಪನಿಗೆ ತೋರಿಸೋಣ ಅನ್ನೋ ಹೊತ್ತಿಗೆ ದೊಡ್ಡಪ್ಪನೇ ಇರ್ಲಿಲ್ಲ. ನಮ್ಮನೆ ಫೈಲಲ್ಲಿ ಹನ್ನೊಂದು ಜನ ಇವತ್ತಿಗೂ ‘ಗೊತ್ತಿಲ್ಲ’ ಅಂತಾನೇ ಇದ್ದಾರೆ.

ಫೋನಲ್ಲಿ ತೆಗೆದ ಸುಮಾರಾದ ಕಾಪಿ ಇದ್ರೂ ಸಾಕು, ಹೋಗಿ ಕೂತ್ಕೊಳ್ಳಿ.

ಆಲ್ಬಮ್‌ನಿಂದ ಫೋಟೋ ಬಿಚ್ಚಿ ವರ್ಷದ ಪ್ರಕಾರ ಜೋಡಿಸಲಾ?

ಬೇಡ, ಪ್ಲೀಸ್. ಒಂದು ಫೋಟೋನೂ ಅಲ್ಲಾಡಿಸೋಕೆ ಮುಂಚೆ ಪ್ರತಿ ಪುಟದ್ದೂ ಪೂರ್ತಿ ಪುಟವಾಗಿ ಒಂದು ಫೋಟೋ ತೆಗೀರಿ, ಖಾಲಿ ಪುಟ ಬಂದ್ರೂ ತೆಗೀರಿ. ಯಾರೋ ಒಬ್ಬರು ಕೂತು ಯಾವುದರ ಪಕ್ಕ ಯಾವುದು ಅಂತ ಯೋಚಿಸಿ ಅಂಟಿಸಿರ್ತಾರೆ, ಆ ಸಾಲೇ ಒಂದು ಸಾಕ್ಷಿ. ಹೆಸರಿಲ್ಲದ ಮಗುವಿನ ಫೋಟೋ ಯಾರ ಫೋಟೋ ಪಕ್ಕದಲ್ಲಿದೆ, ಮಧ್ಯದಲ್ಲಿ ಕಿತ್ತ ಗುರುತು ಎಲ್ಲಿದೆ, ಎಲ್ಲಿಂದ ಕೈಬರಹ ಬದಲಾಗಿದೆ, ಇದೆಲ್ಲ ಬಿಚ್ಚಿದ ಕ್ಷಣಕ್ಕೆ ಹೋಗ್ಬಿಡತ್ತೆ. ಲಕೋಟೆ, ಡಬ್ಬಿ, ಕಟ್ಟು, ಎಲ್ಲದಕ್ಕೂ ಇದೇ ಮಾತು. ಯಾವ ಡಬ್ಬಿಯಿಂದ ಬಂತು, ಆ ಡಬ್ಬಿ ಯಾರ ಹತ್ರ ಇತ್ತು ಅಂತ ಒಂದು ಚೀಟಿ ಬರೆದು ಅದರಲ್ಲೇ ಹಾಕಿ.

ನೆಗೆಟಿವ್ ಸ್ಟ್ರಿಪ್ ಇದ್ರಂತೂ ನಿಮ್ಮ ಅದೃಷ್ಟ. ಅಂಚಿನಲ್ಲಿ ಫ್ರೇಮ್ ನಂಬರ್ ಇರತ್ತೆ, ಸಾಮಾನ್ಯವಾಗಿ ಅದೇ ಸಾಲಲ್ಲಿ ತೆಗೆದಿರ್ತಾರೆ, ಹಾಗಾಗಿ ಹನ್ನೆರಡನೇ ಫ್ರೇಮಲ್ಲಿರೋ ಗೊತ್ತಿಲ್ಲದ ಅಂಗಳ ಹದಿಮೂರನೇ ಫ್ರೇಮಲ್ಲಿ ಗೊತ್ತಿರೋರ ಮನೆ ಬಾಗಿಲು ಕಂಡ ಕೂಡ್ಲೇ ಗೊತ್ತಾಗ್ಬಿಡತ್ತೆ.

ಹಿರಿಯರ ಹತ್ರ ಹೋದ್ರೆ ‘ಅಯ್ಯೋ ಅದೆಲ್ಲ ಎಲ್ಲಿ ನೆನಪಿರತ್ತೆ’ ಅಂದ್ಬಿಡ್ತಾರೆ. ಏನಂತ ಕೇಳ್ಬೇಕು?

‘ಇದು ಯಾರು? ಯಾವ ವರ್ಷ?’ ಅಂತ ಶುರು ಮಾಡಿದ್ರೆ ಪರೀಕ್ಷೆ ಥರ ಅನ್ಸತ್ತೆ, ತಪ್ಪು ಹೇಳಿಬಿಟ್ರೆ ಅಂತ ಸುಮ್ಮನಾಗ್ಬಿಡ್ತಾರೆ. ಫೋಟೋ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳೋದು ಎಲ್ಲಕ್ಕಿಂತ ಒಳ್ಳೇದು, ಅರ್ಧ ನಿಮಿಷ ಸುಮ್ಮನಿರೋದು ಕಷ್ಟ ಆದ್ರೂ ಇರಿ, ಅವರ ಕಣ್ಣು ಮೊದಲು ಎಲ್ಲಿಗೆ ಹೋಗತ್ತೆ ನೋಡಿ. ಮುಖಕ್ಕಿಂತ ಮೊದಲು ಹಿಂದಿರೋ ಕಿಟಕಿ, ಕುರ್ಚಿ, ಕಾಲಲ್ಲಿರೋ ಚಪ್ಪಲಿ ನೋಡಿ ಮಾತಾಡೋರೇ ಜಾಸ್ತಿ.

ಆಮೇಲೆ ನಾನು ಕೇಳೋ ಪ್ರಶ್ನೆಗಳು ಇವು. ಈ ಫೋಟೋ ತೆಗೆದೋರು ಯಾರು? (ಕ್ಯಾಮೆರಾ ಹಿಂದಿದ್ದೋರನ್ನ ಎಲ್ಲರೂ ಮರೀತಾರೆ, ಎಷ್ಟೋ ಮನೇಲಿ ಒಬ್ಬರ ಫೋಟೋನೇ ಇರಲ್ಲ ಯಾಕಂದ್ರೆ ತೆಗೀತಿದ್ದೋರೇ ಅವರು.) ಈ ಗುಂಪಲ್ಲಿ ಇರ್ಬೇಕಿತ್ತು ಆದ್ರೆ ಇಲ್ಲ ಅನ್ನೋರು ಯಾರು? ಈ ಫೋಟೋ ಯಾವ ಗೋಡೆ ಮೇಲಿತ್ತು, ಯಾರು ಇಟ್ಕೊಂಡಿದ್ರು? ಇದಾದ್ಮೇಲೆ ಇವರೆಲ್ಲ ಎಲ್ಲಿಗೆ ಹೋದ್ರು? ಈ ಬಟ್ಟೆ ಹೊಲಿದಿದ್ದು ಯಾರು? ‘ಯಾರು ಇರ್ಬೇಕಿತ್ತು’ ಅನ್ನೋ ಒಂದು ಪ್ರಶ್ನೆಗೆ ನನಗೆ ಸಿಕ್ಕಷ್ಟು ಕಥೆ ಬೇರೆ ಯಾವುದಕ್ಕೂ ಸಿಕ್ಕಿಲ್ಲ.

ಇನ್ನೊಂದು ವಿಷಯ ಗೊತ್ತಿದ್ರೆ ಸಹಾಯ ಆಗತ್ತೆ. ವಯಸ್ಸಾದವರಿಗೆ ತಮ್ಮ ಹತ್ತರಿಂದ ಮೂವತ್ತರ ಒಳಗಿನ ದಿನಗಳು ಮಿಕ್ಕ ವಯಸ್ಸಿನದ್ದಕ್ಕಿಂತ ಜಾಸ್ತಿ ನೆನಪಿರತ್ತೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡೋರು ತುಂಬಾ ಸಲ ಗಮನಿಸಿದ್ದಾರೆ. ಹಾಗಾಗಿ ಹೋದ ತಿಂಗಳ ಮದುವೆ ಮರೆತಿರೋರ ಹತ್ರ ಅವರ ಸ್ಕೂಲ್ ದಿನದ ಫೋಟೋ ಕೊಟ್ಟು ನೋಡಿ. ಒಂದು ಸಲಕ್ಕೆ ಒಂದು ಗಂಟೆ, ಎಂಟು ಹತ್ತು ಫೋಟೋ, ಅಷ್ಟೇ ಸಾಕು. ಸುಸ್ತಾದ್ಮೇಲೆ ಸುಮ್ನೆ ‘ಹೂಂ ಇರ್ಬಹುದು’ ಅನ್ನೋಕೆ ಶುರು ಮಾಡ್ತಾರೆ, ಆ ‘ಇರ್ಬಹುದು’ ನಿಮ್ಮ ಫೈಲಿಗೆ ಹೋಗಿ ಸತ್ಯ ಆಗಿ ಕೂತ್ಕೊಳತ್ತೆ.

ರೆಕಾರ್ಡ್ ಮಾಡಿ, ಆದ್ರೆ ಕೇಳಿ ಮಾಡಿ. ಮತ್ತೆ ಮಾತಾಡುವಾಗ ಪ್ರತಿ ಫೋಟೋಗೆ ಒಂದು ನಂಬರ್ ಕೊಟ್ಟು ಅದನ್ನ ಜೋರಾಗಿ ಹೇಳಿ, ‘ಈಗ ನೋಡ್ತಿರೋದು ಹದಿನೇಳನೇ ಫೋಟೋ, ಎಡಗಡೆಯಿಂದ ಎರಡನೇಯವರು’ ಅಂತ. ಇಲ್ಲಾಂದ್ರೆ ರೆಕಾರ್ಡಿಂಗಲ್ಲಿ ‘ಇವಳು ಇದಾಳಲ್ಲ, ಇವಳೇ ಅವನ ಹೆಂಡ್ತಿ’ ಅಂತ ಮಾತ್ರ ಇರತ್ತೆ, ಯಾವಳು, ಯಾವನು, ದೇವರಿಗೇ ಗೊತ್ತು.

ಅವರು ಹೇಳಿದ್ದೆಲ್ಲ ನಿಜ ಅಂತ ನಂಬಬಹುದಾ?

ಅವರು ಸುಳ್ಳು ಹೇಳಲ್ಲ, ಆದ್ರೆ ನೆನಪು ಅನ್ನೋದು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳೋ ವಸ್ತು. ಫೋಟೋ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 2002ರಲ್ಲಿ ಬಂದ ಒಂದು ಪ್ರಸಿದ್ಧ ಮನಶ್ಶಾಸ್ತ್ರ ಪ್ರಯೋಗದಲ್ಲಿ ದೊಡ್ಡವರಿಗೆ ಅವರ ಚಿಕ್ಕಂದಿನ ಫೋಟೋಗಳ ಜೊತೆ, ಅವರು ಬಿಸಿಗಾಳಿ ಬಲೂನಲ್ಲಿ ಕೂತಿರೋ ಹಾಗೆ ಕಂಪ್ಯೂಟರಲ್ಲಿ ಜೋಡಿಸಿದ ಒಂದು ಫೋಟೋನೂ ಸೇರಿಸಿ ತೋರಿಸಿದ್ರು. ಅವರು ಯಾರೂ ಹಾಗೆ ಬಲೂನಲ್ಲಿ ಹೋಗಿದ್ದೇ ಇಲ್ಲ. ಆದ್ರೂ ಎರಡು ಮೂರು ಸಲ ಕೂರಿಸಿ ಮಾತಾಡಿಸಿದ ಮೇಲೆ ಸುಮಾರು ಅರ್ಧದಷ್ಟು ಜನ ಆ ಪ್ರಯಾಣದ ಬಗ್ಗೆ ಪೂರ್ತಿನೋ ಅರೆಬರೆನೋ ‘ನೆನಪು’ ಹೇಳಿದ್ರು. ಹಾಗಾಗಿ ‘ಇದು ಸಣ್ಣತ್ತೆ ಅಲ್ವಾ?’ ಅಂತ ನೀವೇ ಹೆಸರು ಬಾಯಿಗೆ ಇಟ್ರೆ ಹೂಂ ಅನ್ನೋದು ತುಂಬಾ ಸುಲಭ, ಆಮೇಲೆ ಅವರಿಗೂ ಅದೇ ನಿಜ ಅನ್ಸೋಕೆ ಶುರು ಆಗತ್ತೆ. ಹೆಸರು ಅವರ ಬಾಯಿಂದಲೇ ಬರಲಿ.

ಅದಕ್ಕೇ ನಾನು ಬಿಡದೇ ಹೇಳೋ ಒಂದೇ ಒಂದು ನಿಯಮ: ಹೆಸರು ಬರೆಯೋ ಕಡೆ ಪಕ್ಕದಲ್ಲೇ ಅದನ್ನ ಹೇಳಿದ್ದು ಯಾರು, ಯಾವ ದಿನ ಹೇಳಿದ್ರು, ಅವರಿಗೆ ಹೇಗೆ ಗೊತ್ತು ಅಂತ ಬರೀರಿ. ‘ಎಡಗಡೆ ಇರೋದು ಅಜ್ಜನ ತಮ್ಮ. ಹೇಳಿದ್ದು ಅತ್ತೆ, ಅವರ ಜೊತೆ ಒಂದೇ ಮನೇಲಿ ಬೆಳೆದೋರು’ ಅಂತ ಬರೆದಿರೋದಕ್ಕೂ ‘ಎಡಗಡೆ ಇರೋದು ಅಜ್ಜನ ತಮ್ಮ. ಹೇಳಿದ್ದು ಅತ್ತೆ ಮಗ, ಅವನು ಅವರನ್ನ ನೋಡೇ ಇಲ್ಲ, ಮೂಗು ನೋಡಿ ಹೇಳಿದ’ ಅಂತ ಬರೆದಿರೋದಕ್ಕೂ ಅಜಗಜಾಂತರ ಇದೆ. ಬರೀ ಹೆಸರು ಬರೆದಿಟ್ರೆ ಇಪ್ಪತ್ತು ವರ್ಷ ಆದ್ಮೇಲೆ ಎರಡೂ ಒಂದೇ ಥರ ಕಾಣತ್ತೆ.

ಇಬ್ಬರು ಎರಡು ಥರ ಹೇಳ್ತಾರೆ, ಯಾರದ್ದು ಇಟ್ಕೊಳ್ಳಲಿ?

ಎರಡೂ ಇಟ್ಕೊಳ್ಳಿ, ಅವರವರ ಹೆಸರಿನ ಜೊತೆ. ಪಂಚಾಯ್ತಿ ಮಾಡೋಕೆ ಹೋಗ್ಬೇಡಿ, ಅದರಲ್ಲೂ ಇಬ್ಬರನ್ನೂ ಒಟ್ಟಿಗೆ ಕೂರಿಸಿ ‘ನೀವು ಹೀಗಂತೀರ, ಅವರು ಹಾಗಂತಾರೆ’ ಅನ್ನೋದು ಬೇಡವೇ ಬೇಡ. ಬೇರೆ ಬೇರೆ ದಿನ, ಬೇರೆ ಬೇರೆ ಕೂತು ಕೇಳಿದ್ರೆ ಒಬ್ಬರ ಮಾತು ಇನ್ನೊಬ್ಬರಿಗೆ ಅಂಟಲ್ಲ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೇ ಒಂದೇ ಮಾತು ಹೇಳಿದ್ರೆ ಅದಕ್ಕೆ ತುಂಬಾ ಬೆಲೆ.

ಫೋಟೋ ಯಾವ ಕಾಲದ್ದು ಅಂತ ಗೊತ್ತಾಗೋದು ಹೇಗೆ?

ಮೊದಲು ಅದು ಏನರ ಮೇಲಿದೆ ನೋಡಿ. ಫೋಟೋಗ್ರಫಿ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ, ಫ್ರಾನ್ಸಲ್ಲಿ ಡಗೆರೋಟೈಪ್ ಪ್ರಕಟ ಆದಾಗ. ಅದು ಬೆಳ್ಳಿ ಲೇಪ ಮಾಡಿದ ತಾಮ್ರದ ತಗಡು, ಕನ್ನಡಿ ಥರ ಹೊಳೆಯತ್ತೆ, ಸ್ವಲ್ಪ ಓರೆ ಮಾಡಿದ್ರೆ ಚಿತ್ರ ನೆಗೆಟಿವ್ ಥರ ಕಾಣತ್ತೆ. 1850ರ ದಶಕದಲ್ಲಿ ಗಾಜಿನ ಮೇಲಿನ ಆಂಬ್ರೋಟೈಪ್ ಬಂತು, ಆಮೇಲೆ ತೆಳು ಕಬ್ಬಿಣದ ತಗಡಿನ ಟಿನ್‌ಟೈಪ್. ಹೆಸರಲ್ಲಿ ಟಿನ್ ಇದ್ರೂ ಅದರಲ್ಲಿ ತವರ ಇಲ್ಲ, ಕಬ್ಬಿಣ ಆಗಿರೋದ್ರಿಂದ ಹಿಂಭಾಗದ ಹತ್ರ ಸಣ್ಣ ಅಯಸ್ಕಾಂತ ಹಿಡಿದ್ರೆ ಎಳೆಯತ್ತೆ (ಮಧ್ಯೆ ಒಂದು ಕಾಗದ ಇಟ್ಟು ನೋಡಿ, ಗೀರಬಾರದು).

ದಪ್ಪ ರಟ್ಟಿನ ಮೇಲೆ ಅಂಟಿಸಿದ ಕಂದು ಬಣ್ಣದ ತೆಳು ಕಾಗದ ಆದ್ರೆ ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದ್ದು ಅಥವಾ ಇಪ್ಪತ್ತನೇ ಶತಮಾನದ ಶುರುವಿನದ್ದು. ವಿಸಿಟಿಂಗ್ ಕಾರ್ಡಿಗಿಂತ ಸ್ವಲ್ಪ ದೊಡ್ಡದು, ಸುಮಾರು 6 ಸೆಂಟಿಮೀಟರ್ ಅಗಲ 10 ಸೆಂಟಿಮೀಟರ್ ಉದ್ದ ಇದ್ರೆ ಕಾರ್ತ್ ದ ವಿಸಿತ್, ಅದಕ್ಕೆ ಪ್ಯಾರಿಸ್ಸಲ್ಲಿ ಪೇಟೆಂಟ್ ತಗೊಂಡಿದ್ದು 1854ರಲ್ಲಿ. ಅಂಗೈ ಮೀರೋ ಸೈಜು, ಸುಮಾರು 11 ಗುಣಿಸು 16 ಸೆಂಟಿಮೀಟರ್ ಇದ್ರೆ ಕ್ಯಾಬಿನೆಟ್ ಕಾರ್ಡ್, ಅದು 1860ರ ದಶಕದಿಂದ ಈಚೆಗೆ.

1888ರಲ್ಲಿ ಕೊಡಕ್ ಕ್ಯಾಮೆರಾ, 1900ರಲ್ಲಿ ಅದೇ ಕಂಪನಿಯ ಅಗ್ಗದ ಬ್ರೌನಿ ಕ್ಯಾಮೆರಾ ಬಂದ ಮೇಲೆ ಮನೆಯವರೇ ಫೋಟೋ ತೆಗೆಯೋಕೆ ಶುರು ಮಾಡಿದ್ರು. ಕಣ್ಣು ಮಿಟುಕಿಸಿರೋದು, ಅರ್ಧ ಕತ್ತರಿಸಿದ ತಲೆ, ಓಡ್ತಿರೋ ನಾಯಿ, ತೆಗೆದೋರ ನೆರಳು ಮುಂದೆ ಬಿದ್ದಿರೋದು, ಇವೆಲ್ಲ ಆಮೇಲಿನ ಭಾಗ್ಯ. ನನಗೆ ಸ್ಟುಡಿಯೋ ಫೋಟೋಗಿಂತ ಇವೇ ಇಷ್ಟ, ಆ ನೆರಳಲ್ಲಿ ಟೋಪಿ ಇದೆಯಾ ಜಡೆ ಇದೆಯಾ ಅಂತ ನೋಡಿ ತೆಗೆದೋರು ಯಾರು ಅಂತ ಹೇಳಿದ್ದುಂಟು.

ಇಪ್ಪತ್ತನೇ ಶತಮಾನದ ಪ್ರಿಂಟಿಗೆ ಒಂದು ಒಳ್ಳೇ ಉಪಾಯ ಅಂದ್ರೆ ಯುವಿ ಟಾರ್ಚ್ (ನೇರಳಾತೀತ ಬೆಳಕು ಬಿಡೋದು). 1950ರ ದಶಕದಿಂದ ಫೋಟೋ ಕಾಗದ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸೋಕೆ ಶುರು ಮಾಡಿದ್ರು, ಅದು ಕತ್ತಲಲ್ಲಿ ಯುವಿ ಬೆಳಕಿಗೆ ನೀಲಿ ಬಿಳುಪಾಗಿ ಹೊಳೆಯತ್ತೆ. ಹೊಳೆದ್ರೆ ಆ ಪ್ರಿಂಟ್ ಅದಕ್ಕಿಂತ ಹಿಂದಿನದ್ದಾಗಿರೋದು ಕಷ್ಟ. ಹೊಳೆಯದಿದ್ರೆ ಏನೂ ಸಾಬೀತಾಗಲ್ಲ, ಎಲ್ಲ ಕಾಗದಕ್ಕೂ ಅದನ್ನ ಹಾಕ್ತಿರ್ಲಿಲ್ಲ. ಮುಟ್ಟಿದ್ರೆ ಪ್ಲಾಸ್ಟಿಕ್ ಥರ ಅನ್ಸೋ ಪ್ರಿಂಟ್ 1960ರ ದಶಕದ ಕೊನೆಯಿಂದ ಈಚೆಯದ್ದು. ಚೌಕಾಕಾರದ ಚಿಕ್ಕ ಕಲರ್ ಪ್ರಿಂಟಾದ್ರೆ 1963ರಲ್ಲಿ ಬಂದ ಇನ್‌ಸ್ಟಮ್ಯಾಟಿಕ್ ಥರದ ಕ್ಯಾಮೆರಾ ಇರ್ಬಹುದು. ಕೆಳಗಡೆ ಅಗಲವಾದ ಬಿಳಿ ಪಟ್ಟಿ ಇರೋ ಪೋಲರಾಯ್ಡ್ 1972ರ ನಂತರದ್ದು. ಪೂರ್ತಿ ಕೆಂಪಾಗಿ ತಿರುಗಿರೋ ಕಲರ್ ಫೋಟೋ ಅಂದ್ರೆ ಅದರ ನೀಲಿಹಸಿರು ಬಣ್ಣ ಮೊದಲು ಮಾಸಿದೆ ಅಂತ ಅರ್ಥ, 1970ರ ದಶಕದ ಎಷ್ಟೋ ಪ್ರಿಂಟುಗಳ ಪಾಡು ಅದು.

ಇಲ್ಲೇ ಎಲ್ಲರೂ ಜಾರೋದು: ಕಾಗದದ ವಯಸ್ಸೇ ಬೇರೆ, ಚಿತ್ರದ ವಯಸ್ಸೇ ಬೇರೆ. ಮುತ್ತಜ್ಜಿಯ 1910ರ ಫೋಟೋನ 1965ರಲ್ಲಿ ಯಾರೋ ಇನ್ನೊಂದು ಕಾಪಿ ಹಾಕಿಸಿರ್ತಾರೆ, ಫೋಟೋದ ಫೋಟೋ ತೆಗೆಸಿರ್ತಾರೆ. ಚಿತ್ರದೊಳಗೇ ಹಳೇ ಫೋಟೋದ ಅಂಚು, ಮಡಿಕೆ ಗೆರೆ, ಪಿನ್ನಿನ ನೆರಳು ಕಂಡ್ರೆ ಅದು ಕಾಪಿ. ಆಗ ಹುಡುಕೋಕೆ ಇನ್ನೊಂದು ಪ್ರಶ್ನೆ ಸಿಗತ್ತೆ, ಐವತ್ತೈದು ವರ್ಷ ಆದ್ಮೇಲೆ ಈ ಮುಖ ಇನ್ನೊಂದು ಸಲ ಯಾರಿಗೆ ಬೇಕಾಯ್ತು? ಮೂಲ ಫೋಟೋ ಬಹುಶಃ ಅವರ ಕಡೆಯವರ ಹತ್ರಾನೇ ಇರತ್ತೆ.

ಮೂಲೇಲಿ ಕೇಸರಿ ಬಣ್ಣದಲ್ಲಿ ತಾರೀಕೇ ಬಿದ್ದಿದೆ, ಅದು ಸರಿ ತಾನೇ?

ಬೇರೆ ಯಾವುದಕ್ಕಾದ್ರೂ ತಾಳೆ ಹಾಕಿ. ಕ್ಯಾಮೆರಾದ ಗಡಿಯಾರ ಸೆಟ್ ಮಾಡದೇ ವರ್ಷಗಟ್ಟಲೆ ಬಳಸಿದ ಮನೆಗಳಿವೆ. ಸ್ಕ್ಯಾನ್ ಮಾಡಿದ ಫೈಲಿನ ಒಳಗಿರೋ ತಾರೀಕೂ ಹಾಗೇ, ಅದು ನೀವು ಸ್ಕ್ಯಾನ್ ಮಾಡಿದ ದಿನ, ಆದ್ರೆ ಫೋನಿನ ಆಪ್ ಅದನ್ನ ನೋಡಿ ಮುತ್ತಜ್ಜನ್ನ ಹೋದ ವಾರದ ಫೋಟೋ ಜೊತೆ ಕೂರಿಸ್ಬಿಡತ್ತೆ.

ಬಟ್ಟೆ, ಹೇರ್‌ಸ್ಟೈಲ್ ನೋಡಿ ವರ್ಷ ಹೇಳೋಕಾಗತ್ತಾ?

ಅಂದಾಜಿಗೆ ಆಗತ್ತೆ, ಆದ್ರೆ ಗುಂಪಲ್ಲಿ ಚಿಕ್ಕ ವಯಸ್ಸಿನ ಹುಡುಗಿಯರ ಬಟ್ಟೆ ನೋಡಿ, ವಯಸ್ಸಾದವರದ್ದು ನೋಡ್ಬೇಡಿ, ಅವರು ತಮ್ಮ ಕಾಲದ್ದನ್ನೇ ಕೊನೇವರೆಗೂ ಹಾಕ್ತಾರೆ. ಸ್ಟುಡಿಯೋದಲ್ಲಿ ಕೋಟು, ವಾಚು, ಕೈಯಲ್ಲಿರೋ ದಪ್ಪ ಪುಸ್ತಕ ಸ್ಟುಡಿಯೋದವರದ್ದೇ ಇರ್ತಿತ್ತು ಅನ್ನೋದೂ ನೆನಪಿರಲಿ. ಕೈಯಲ್ಲಿ ಪುಸ್ತಕ ಇದೆ ಅಂತ ಓದು ಬರ್ತಿತ್ತು ಅಂತ ಬರೆದ್ಬಿಡ್ಬೇಡಿ, ಅದೇ ಪುಸ್ತಕ ಬೇರೆ ಸಂಸಾರದ ಫೋಟೋದಲ್ಲೂ ಸಿಗಬಹುದು.

ಬಟ್ಟೆಗಿಂತ ಗಟ್ಟಿ ಸಾಕ್ಷಿ ಮಕ್ಕಳು. ಗುಂಪಲ್ಲಿರೋ ಅತಿ ಚಿಕ್ಕ ಮಗು ಯಾರು ಗೊತ್ತಾದ್ರೆ, ಆ ಮಗು ಹುಟ್ಟಿದ ವರ್ಷ ಗೊತ್ತಿದ್ರೆ, ಒಂದೆರಡು ವರ್ಷದ ಆಚೀಚೆ ಸಿಕ್ಕಿಹಾಕ್ಕೊಳತ್ತೆ. ಮುಂದಿನ ಮಗು ಇನ್ನೂ ಇಲ್ಲ ಅಂದ್ರೆ ಅದಕ್ಕಿಂತ ಹಿಂದಿನದ್ದು, ಅಜ್ಜ ಇದಾರೆ ಅಂದ್ರೆ ಅವರು ತೀರಿಕೊಳ್ಳೋಕೆ ಮುಂಚಿನದ್ದು. ಹಿಂಗೆ ಎರಡೂ ಕಡೆಯಿಂದ ಕಟ್ಟಿಕೊಂಡು ಬನ್ನಿ. ಗೋಡೆ ಕ್ಯಾಲೆಂಡರ್, ಗಾಡಿ ನಂಬರ್ ಪ್ಲೇಟ್, ಅಂಗಡಿ ಬೋರ್ಡು ಹಿಂದೆ ಕಾಣ್ತಿದ್ರೆ ದೊಡ್ಡದು ಮಾಡಿ ನೋಡಿ.

ಹಿಂದೆ ಪೆನ್ಸಿಲಲ್ಲಿ ಏನೋ ಬರೆದಿದೆ, ಅಳಿಸಿ ಹೋಗಿದೆ. ಓದೋಕೆ ದಾರಿ ಇದೆಯಾ?

ಇದೆ. ಕತ್ತಲು ಕೋಣೇಲಿ ಟಾರ್ಚನ್ನ ಫೋಟೋದ ಮಟ್ಟಕ್ಕೆ ಮಲಗಿಸಿ ಪಕ್ಕದಿಂದ ಬೆಳಕು ಬಿಡಿ, ಪೆನ್ಸಿಲ್ ಅಳಿಸಿದ್ರೂ ಒತ್ತಿದ ಗುರುತು ನೆರಳಾಗಿ ಎದ್ದು ಬರತ್ತೆ. ಟಾರ್ಚನ್ನ ನಾಲ್ಕೂ ಕಡೆಯಿಂದ ತಿರುಗಿಸಿ ಒಂದೊಂದಕ್ಕೂ ಒಂದು ಕ್ಲಿಕ್ ಮಾಡಿ. ಕಂದು ಬಣ್ಣಕ್ಕೆ ತಿರುಗಿರೋ ಹಳೇ ಶಾಯಿ ಆದ್ರೆ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಎಡಿಟಿಂಗ್ ಆಪಲ್ಲಿ ನೀಲಿ ಚಾನಲ್ (ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ನೀಲಿಯದ್ದು) ಒಂದನ್ನೇ ನೋಡಿ ಕಾಂಟ್ರಾಸ್ಟ್ ಏರಿಸಿ, ಕಂದು ಬಣ್ಣ ನೀಲಿ ಬೆಳಕನ್ನ ಹೀರಿಕೊಳ್ಳೋದ್ರಿಂದ ಅಕ್ಷರ ಕಪ್ಪಾಗಿ ಕಾಣತ್ತೆ. ಪೆನ್ಸಿಲಿಂದ ಮೇಲೆ ಉಜ್ಜೋದು, ನೀರು ಹಚ್ಚೋದು ಯಾವತ್ತೂ ಬೇಡ.

ಬರೆದಿರೋದು ಸಿಕ್ಕ ಮೇಲೂ ಯಾರ ಕೈಬರಹ ಅಂತ ಕೇಳಿ. ಘಟನೆ ನಡೆದ ದಿನ ಬರೆದಿದ್ದಕ್ಕೂ ನಲವತ್ತು ವರ್ಷ ಆದ್ಮೇಲೆ ಸೊಸೆ ಬಾಲ್‌ಪೆನ್ನಲ್ಲಿ ಬರೆದಿದ್ದಕ್ಕೂ ತೂಕ ಒಂದೇ ಅಲ್ಲ.

ಎರಡು ಫೋಟೋದಲ್ಲಿರೋದು ಒಬ್ಬರೇನಾ ಅಂತ ಹೇಗೆ ಹೇಳೋದು? ಮುಖ ಗುರುತಿಸೋ ಆಪ್ ನಂಬಬಹುದಾ?

ಕೂದಲು, ಮೀಸೆ, ಮೈಕಟ್ಟು ಎಲ್ಲಾ ಬದಲಾಗತ್ತೆ, ಕಿವಿಯ ಒಳಗಿನ ಸುರುಳಿಗಳ ಆಕಾರ ಅಷ್ಟಾಗಿ ಬದಲಾಗಲ್ಲ. ಹತ್ತೊಂಬತ್ತನೇ ಶತಮಾನದ ಕೊನೇಲಿ ಪ್ಯಾರಿಸ್ ಪೊಲೀಸ್‌ನ ಬರ್ತಿಯಾಂ ಅಪರಾಧಿಗಳನ್ನ ಗುರುತಿಸೋ ಪದ್ಧತಿ ಮಾಡಿದಾಗ ಕಿವಿಗೆ ಅಷ್ಟು ಮಹತ್ವ ಕೊಟ್ಟಿದ್ದು ಅದಕ್ಕೇ. ಹಾಲೆ ಮಾತ್ರ ವಯಸ್ಸಾದಂಗೆ ಜೋತು ಬೀಳತ್ತೆ. ಎರಡೂ ಫೋಟೋ ಒಂದೇ ಕೋನದಲ್ಲಿದ್ರೆ ಕಿವಿ, ಹುಬ್ಬಿನ ಮೂಳೆ, ಕಣ್ಣುಗಳ ಮಧ್ಯದ ದೂರ ಹೋಲಿಸಿ ನೋಡಿ.

ಆಪ್‌ಗೆ ದೊಡ್ಡ ತೊಂದರೆ ಏನಂದ್ರೆ ಒಂದೇ ಮನೆಯವರ ಮುಖ. ಅಪ್ಪ ಇಪ್ಪತ್ತೈದರಲ್ಲಿ, ಮಗ ಇಪ್ಪತ್ತೈದರಲ್ಲಿ, ಇಬ್ಬರನ್ನೂ ಒಬ್ಬರೇ ಅಂತ ಹೇಳ್ಬಿಡತ್ತೆ. ಆಪ್ ಹೇಳಿದ್ದನ್ನ ‘ಇವರಿರಬಹುದಾ ಅಂತ ವಿಚಾರಿಸಬೇಕು’ ಅಂತ ಬರ್ಕೊಳ್ಳಿ, ಉತ್ತರ ಅಂತ ಅಲ್ಲ.

ಯಾರೂ ನಗ್ತಿಲ್ಲ, ಒಬ್ಬರ ಹಿಂದೆ ಸ್ಟ್ಯಾಂಡ್ ಬೇರೆ ಕಾಣ್ತಿದೆ. ಸತ್ತವರನ್ನ ನಿಲ್ಲಿಸಿ ತೆಗೆದಿದ್ದು ಅಂತಾರಲ್ಲ?

ಇಲ್ಲ. ಇಂಟರ್‌ನೆಟ್ಟಲ್ಲಿ ಇದು ಎಷ್ಟು ಹರಡಿದೆ ಅಂದ್ರೆ ಬದುಕಿದ್ದ ಎಷ್ಟೋ ಜನರನ್ನ ಸುಮ್ಮನೆ ಸಾಯಿಸಿಬಿಟ್ಟಿದ್ದಾರೆ, ನನಗೆ ಇದನ್ನ ನೋಡಿದಾಗೆಲ್ಲ ಬೇಜಾರಾಗತ್ತೆ. ಆ ಸ್ಟ್ಯಾಂಡ್ ಇದ್ದಿದ್ದು ಬದುಕಿರೋರು ಅಲ್ಲಾಡದೇ ಇರಲಿ ಅಂತ, ಚಿತ್ರ ಮೂಡೋಕೆ ಸೆಕೆಂಡುಗಟ್ಟಲೆ ಬೆಳಕು ಬೀಳ್ಬೇಕಾಗ್ತಿತ್ತು, ತಲೆ ಸ್ವಲ್ಪ ಅಲ್ಲಾಡಿದ್ರೂ ಮುಖ ಮಬ್ಬು. ಒಂದು ಹೆಣದ ಭಾರ ಹೊರೋ ಶಕ್ತಿ ಅದಕ್ಕಿಲ್ಲ. ತೀರಿಕೊಂಡವರ ಫೋಟೋ ತೆಗೆಸ್ತಿದ್ದಿದ್ದು ನಿಜ, ಆದ್ರೆ ಹೆಚ್ಚಾಗಿ ಮಲಗಿಸಿ, ನಿದ್ದೆ ಮಾಡ್ತಿರೋ ಹಾಗೆ. ಕಣ್ಣು ಬಿಳಿ ಬಿಳಿಯಾಗಿ ಕಾಣೋದು ಕೂಡ ಸಾವಿನ ಗುರುತಲ್ಲ, ಆಗಿನ ರಾಸಾಯನಿಕಕ್ಕೆ ನೀಲಿ ಬಣ್ಣ ತುಂಬಾ ತಿಳಿಯಾಗಿ ಬೀಳ್ತಿತ್ತು, ಹಾಗಾಗಿ ನೀಲಿ ಕಣ್ಣೆಲ್ಲ ಬಿಳಿಚಿಕೊಂಡಿರತ್ತೆ.

ಎಲ್ಲರೂ ಎಡಗೈಯಲ್ಲೇ ಕೆಲಸ ಮಾಡ್ತಿದ್ದಾರೆ. ಹೇಗೆ?

ಫೋಟೋ ಕನ್ನಡಿ ಬಿಂಬದ ಥರ ತಿರುಗಿರಬಹುದು. ಡಗೆರೋಟೈಪ್, ಟಿನ್‌ಟೈಪ್ ಸಾಮಾನ್ಯವಾಗಿ ಹಾಗೇ ಬರ್ತಿತ್ತು, ಆಮೇಲೆ ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿದ್ದೂ ಇರತ್ತೆ. ಬೋರ್ಡಿನ ಅಕ್ಷರ, ಗಡಿಯಾರ, ಶರ್ಟಿನ ಗುಂಡಿ ಯಾವ ಕಡೆ ಇದೆ ನೋಡಿ.

ಎಐ ಆಪಲ್ಲಿ ಕಲರ್ ಹಾಕಿ, ಮುಖ ಕ್ಲಿಯರ್ ಮಾಡಿದ್ರೆ ಗುರುತು ಹಿಡಿಯೋಕೆ ಸುಲಭ ಆಗತ್ತಲ್ವಾ?

ಅಜ್ಜಿಗೆ ಒಂದು ಖುಷಿ ಕೊಡೋಕೆ ಕಲರ್ ಹಾಕೋದಾದ್ರೆ ಹಾಕಿ, ನಾನೂ ಹಾಕಿದೀನಿ. ಗುರುತು ಹಿಡಿಯೋಕೆ ಮಾತ್ರ ಬಳಸ್ಬೇಡಿ. ಮಬ್ಬಾಗಿರೋ ಮುಖದಲ್ಲಿ ಇಲ್ಲದ ವಿವರ ಎಲ್ಲಿಂದ ಬರತ್ತೆ? ಬೇರೆ ಲಕ್ಷಾಂತರ ಮುಖ ನೋಡಿ ಕಲಿತಿದ್ದರಿಂದ ಅದು ಊಹೆ ಮಾಡಿ ತುಂಬತ್ತೆ. ಕಣ್ಣು ತುಂಬಾ ಚೆನ್ನಾಗಿ ಬಂದಿರತ್ತೆ, ಆದ್ರೆ ಅದು ನಿಮ್ಮ ಅಜ್ಜಿ ಕಣ್ಣಲ್ಲ. ಸೀರೆಯೋ ಅಂಗಿಯೋ ನೀಲಿ ಅಂತ ತೋರಿಸಿದ್ದೂ ಊಹೆ, ಆಮೇಲೆ ಮನೇಲಿ ಎಲ್ಲರೂ ‘ಅವರ ನೀಲಿ ಅಂಗಿ’ ಅಂತಾನೇ ಮಾತಾಡ್ತಾರೆ. ಎಐ ಮುಟ್ಟಿದ ಫೈಲಿನ ಹೆಸರಲ್ಲೇ ಅದನ್ನ ಬರೆದು ಬೇರೆ ಫೋಲ್ಡರಲ್ಲಿಡಿ, ಮೂಲ ಫೈಲ್ ಮೇಲೆ ಸೇವ್ ಮಾಡೋದಂತೂ ಬೇಡವೇ ಬೇಡ.

ಸರಿ, ಈಗಾದ್ರೂ ಸ್ಕ್ಯಾನಿಂಗ್ ಬಗ್ಗೆ ಹೇಳಿ.

ಪ್ರಿಂಟಿಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕ), ಅಂಚೆಚೀಟಿ ಥರ ಚಿಕ್ಕದಿದ್ರೆ 1200, 35 ಎಂಎಂ ನೆಗೆಟಿವ್‌ಗೆ 2400ಕ್ಕಿಂತ ಮೇಲೆ. ಕಪ್ಪುಬಿಳುಪು ಆದ್ರೂ ಕಲರಲ್ಲೇ ಮಾಡಿ. ಮೂಲ ಫೈಲ್ ಟಿಫ್‌ನಲ್ಲಿ (ವಿವರ ಕಳೆಯದೇ ಉಳಿಸೋ ಫೈಲ್ ಥರ), ವಾಟ್ಸಾಪಲ್ಲಿ ಕಳಿಸೋಕೆ ಜೆಪೆಗ್. ಆಟೋ ಕರೆಕ್ಷನ್ ಆಫ್ ಮಾಡಿ. ಹಿಂಭಾಗನೂ ಸ್ಕ್ಯಾನ್ ಮಾಡಿ, ಖಾಲಿ ಇದ್ರೂ ಮಾಡಿ, ಲ್ಯಾಬಿನ ಸಣ್ಣ ಮುದ್ರೆ ಕಣ್ಣಿಗೆ ಕಾಣದೇ ಇದ್ದಿದ್ದು ಸ್ಕ್ಯಾನಲ್ಲಿ ಕಾಣತ್ತೆ. ಫೋನಲ್ಲಾದ್ರೆ ಕಿಟಕಿ ಪಕ್ಕದ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೇ, ನೇರ ಮೇಲಿಂದ. ಮೂರು ಕಾಪಿ ಇರಲಿ, ಒಂದಾದ್ರೂ ಬೇರೆ ಮನೇಲಿ.

ಹೆಸರು ಎಲ್ಲಿ ಬರೀಲಿ, ಫೋಟೋ ಹಿಂದೆ ಬರೆದ್ರೆ ಹಾಳಾಗತ್ತಾ?

ಹಳೇ ಕಾಗದದ ಪ್ರಿಂಟಾದ್ರೆ ಮೆತ್ತಗಿನ ಪೆನ್ಸಿಲಲ್ಲಿ, ಗಟ್ಟಿ ನೆಲದ ಮೇಲಿಟ್ಟು, ಹಿಂಭಾಗದ ಅಂಚಲ್ಲಿ ಹಗುರವಾಗಿ. ಬಾಲ್‌ಪೆನ್ ಒತ್ತಿದ್ರೆ ಮುಂದೆ ಮುಖದ ಮೇಲೆ ಉಬ್ಬು ಬರತ್ತೆ, ಶಾಯಿ ಪಕ್ಕದ ಫೋಟೋಗೆ ಅಂಟತ್ತೆ. ಪ್ಲಾಸ್ಟಿಕ್ ಥರದ ಪ್ರಿಂಟ್ ಮೇಲೆ ಪೆನ್ಸಿಲ್ ಹಿಡಿಯಲ್ಲ, ಕವರ್ ಮೇಲೆ ಬರೆದು ಒಳಗಿಡಿ. ಕವರ್ ಕೊಳ್ಳುವಾಗ ಆಸಿಡ್ ಇಲ್ಲದ ಕಾಗದ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ನೋಡಿ, ಪಿವಿಸಿ ಬೇಡ. ‘ಅಪ್ಪ, ಚಿಕ್ಕಪ್ಪ, ಅಜ್ಜಿ’ ಅಂತ ಮಾತ್ರ ಬರೀಬೇಡಿ! ಯಾರ ಅಪ್ಪ? ಪೂರ್ತಿ ಹೆಸರು, ಆಮೇಲೆ ಸಂಬಂಧ.

ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ, ಇನ್ನು ಕೆಲವು ಅಂಟು ಪುಟದ ಆಲ್ಬಮಲ್ಲಿವೆ.

ಗಾಜಿಗೆ ಅಂಟಿದ್ದನ್ನ ಎಳೀಬೇಡಿ, ಮುಖ ಗಾಜಿಗೇ ಹೋಗತ್ತೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೇ ಇಡಿ, ತುಂಬಾ ಬೆಲೆಬಾಳೋ ಫೋಟೋ ಆದ್ರೆ ಫೋಟೋ ಸಂರಕ್ಷಣೆ ಮಾಡೋರ ಹತ್ರ ತಗೊಂಡು ಹೋಗಿ. ಪ್ಲಾಸ್ಟಿಕ್ ಹಾಳೆ ಮುಚ್ಚೋ ಅಂಟು ಪುಟದ ಆಲ್ಬಮ್ಮುಗಳ ಗೋಂದು ಫೋಟೋನ ಹಾಳು ಮಾಡತ್ತೆ, ಮೊದಲು ಪ್ರತಿ ಪುಟದ ಫೋಟೋ ತೆಗೆದಿಟ್ಟು ಆಮೇಲೆ ಅದರಿಂದ ಹೊರಗೆ ತೆಗೆಯೋದೇ ಒಳ್ಳೇದು, ಹಲ್ಲು ಕ್ಲೀನ್ ಮಾಡೋ ಫ್ಲಾಸ್ ದಾರನ ಮೂಲೆಯಿಂದ ಫೋಟೋ ಹಿಂದೆ ಗರಗಸದ ಥರ ನಿಧಾನಕ್ಕೆ ಆಡಿಸಿ. ಬಗ್ಗಲಿಲ್ಲ ಅಂದ್ರೆ ಬಿಟ್ಬಿಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ.

ಹಳೇ ನೆಗೆಟಿವ್ ಡಬ್ಬಿ ತೆಗೆದ್ರೆ ವಿನೆಗರ್ ವಾಸನೆ ಬರತ್ತೆ.

ಅಸಿಟೇಟ್ ಫಿಲ್ಮ್ ಹಾಳಾಗ್ತಿದೆ, ಒಂದರಿಂದ ಇನ್ನೊಂದಕ್ಕೆ ಹರಡತ್ತೆ, ಬೇರೆ ಮಾಡಿ ಇಡಿ, ಅವನ್ನೇ ಮೊದಲು ಸ್ಕ್ಯಾನ್ ಮಾಡಿ. 1950ರ ದಶಕಕ್ಕಿಂತ ಹಿಂದಿನದ್ದಾದ್ರೆ ನೈಟ್ರೇಟ್ ಫಿಲ್ಮ್ ಇರೋ ಸಾಧ್ಯತೆ ಇದೆ, ಅದಕ್ಕೆ ಬೆಂಕಿ ಬೇಗ ಹಿಡಿಯತ್ತೆ. ಅಂಚಲ್ಲಿ ‘ಸೇಫ್ಟಿ’ ಅಂತ ಇದ್ರೆ ಹೆಚ್ಚಾಗಿ ಭಯ ಇಲ್ಲ. ಇಲ್ಲದೇ ಇದ್ದು, ಹಳದಿಯಾಗಿ ಜಿಗುಟು ಆಗಿದ್ರೆ ಬಿಸಿಲು, ಬಿಸಿ ಲ್ಯಾಂಪ್ ಹತ್ರ ಇಡದೇ ಗೊತ್ತಿರೋರನ್ನ ಕೇಳಿ.

ಒಂದು ಫೋಟೋದಲ್ಲಿ ಒಬ್ಬರ ಮುಖ ಕತ್ತರಿಸಿದ್ದಾರೆ. ಕೇಳಬಹುದಾ?

ಕೇಳಬಹುದು, ಆದ್ರೆ ಒಬ್ಬರೇ ಇದ್ದಾಗ, ನಿಧಾನವಾಗಿ, ಹೇಳಲ್ಲ ಅನ್ನೋ ಹಕ್ಕು ಅವರಿಗಿದೆ ಅಂತ ಮೊದಲೇ ಹೇಳಿ. ಕತ್ತರಿಸಿದ್ದರ ಹಿಂದೆ ಯಾವಾಗಲೂ ಜಗಳ ಇರಲ್ಲ. ಲಾಕೆಟ್‌ಗೋ, ಗುರುತಿನ ಚೀಟಿಗೋ, ಬೇರೆ ಫೋಟೋ ಇಲ್ಲ ಅಂತ ತೀರಿಕೊಂಡವರ ಮುಖ ದೊಡ್ಡದು ಮಾಡಿಸೋಕೋ ಕತ್ತರಿಸಿರ್ತಾರೆ. ಅಂಚು ನೋಡಿ: ನೀಟಾಗಿ ಅಂಡಾಕಾರ ಇದ್ರೆ ಆ ಮುಖ ಯಾರಿಗೋ ಬೇಕಾಗಿತ್ತು, ಗೀಚಿ ಅಳಿಸಿದ್ರೆ ಬೇಡವಾಗಿತ್ತು.

ಬೇಡವಾಗಿದ್ದ ಕಥೆಯೇ ಸಿಕ್ಕಿದ್ರೆ, ಮೊದಲ ಮದುವೆ, ದತ್ತು, ಜೈಲು, ಹೋಗಿಬಿಟ್ಟ ಮಗು, ಅದು ಬದುಕಿರೋ ಯಾರಿಗೋ ಸೇರಿದ ವಿಷಯ. ಬರೆದಿಡಿ, ಮುಚ್ಚಿಡಿ, ಯಾವಾಗ ತೆಗೀಬಹುದು ಅಂತ ಹೇಳಿದವರನ್ನೇ ಕೇಳಿ ಅದನ್ನೂ ಬರೀರಿ. ಫ್ಯಾಮಿಲಿ ಗ್ರೂಪಿಗೆ ಹಾಕೋ ವಿಷಯ ಅಲ್ಲ ಅದು.

ಯಾರಿಗೂ ಗೊತ್ತಿಲ್ಲದ ಫೋಟೋಗಳನ್ನ ಎಸೆದ್ಬಿಡಲಾ?

ಇಡಿ. ನಂಬರ್ ಕೊಟ್ಟು ‘ಯಾರು ಗೊತ್ತಿಲ್ಲ, ಯಾರ್ಯಾರನ್ನ ಕೇಳಿ ಆಯ್ತು’ ಅಂತ ಬರೆದು ಇಡಿ, ಕೇಳಿದವರ ಹೆಸರು ಬರೆದಿದ್ರೆ ಮುಂದಿನವರು ಅವರನ್ನೇ ಮತ್ತೆ ಕೇಳೋದು ತಪ್ಪತ್ತೆ. ದೂರದ ಸಂಬಂಧಿಕರ ಆಲ್ಬಮಲ್ಲಿ ಅದೇ ಫೋಟೋ ಹೆಸರಿನ ಸಮೇತ ಇರೋದು ತುಂಬಾ ಸಾಮಾನ್ಯ, ಯಾಕಂದ್ರೆ ಸ್ಟುಡಿಯೋ ಫೋಟೋದ ಕಾಪಿಗಳನ್ನ ನೆಂಟರಿಗೆ ಹಂಚ್ತಿದ್ರು. ಅಕ್ಕಪಕ್ಕದ ಮನೆಯವರು, ಹಳೇ ಬಾಡಿಗೆದಾರರು, ಜೊತೆ ಕೆಲಸ ಮಾಡಿದವರು, ಇವರನ್ನೂ ಕೇಳಿ. ಸಂಬಂಧಿಕರಿಗೆ ಗೊತ್ತಿಲ್ಲದ್ದು ಎಷ್ಟೋ ಸಲ ಸ್ನೇಹಿತರಿಗೆ ಗೊತ್ತಿರತ್ತೆ.

ನಮ್ಮ ಅಜ್ಜಿಗೆ ಮರೆವಿನ ಕಾಯಿಲೆ. ಈಗ ಕೇಳೋದರಲ್ಲಿ ಅರ್ಥ ಇದೆಯಾ?

‘ನೆನಪಿದೆಯಾ?’ ಅನ್ನೋ ಪದ ಬಿಟ್ಟು ಹೋಗಿ ಕೂತ್ಕೊಳ್ಳಿ. ಯಾರು ಏನು ಅಂತ ಕೇಳದೇ ‘ಈ ಹುಡುಗಿ ಎಷ್ಟು ಗಂಭೀರವಾಗಿ ನಿಂತಿದಾಳೆ ನೋಡಿ’ ಅಂತ ನೀವೇ ಮಾತು ಶುರು ಮಾಡಿ, ಅವರಿಗೆ ಇಷ್ಟ ಬಂದ್ರೆ ಸೇರ್ಕೊಳ್ತಾರೆ. ತಪ್ಪು ಹೇಳಿದ್ರೆ ತಿದ್ದಬೇಡಿ, ಅತ್ತರೆ ಫೋಟೋ ಪಕ್ಕಕ್ಕಿಟ್ಟು ಕೈ ಹಿಡ್ಕೊಳ್ಳಿ. ಬೆಳಿಗ್ಗೆ ಹೊತ್ತು ಚೆನ್ನಾಗಿರ್ತಾರೆ ಅನ್ನೋದಾದ್ರೆ ಬೆಳಿಗ್ಗೇನೇ ಹೋಗಿ, ಒಂದೇ ಫೋಟೋ ತಗೊಂಡು ಹೋಗಿ.

ನಮ್ಮಜ್ಜಿಗೆ ಕೊನೇ ವರ್ಷ ತಮ್ಮ ಮದುವೆ ಫೋಟೋದಲ್ಲಿ ತಮ್ಮದೇ ಗುರುತು ಸಿಗ್ತಿರ್ಲಿಲ್ಲ, ಪಕ್ಕದಲ್ಲಿ ನಿಂತಿರೋ ಅಜ್ಜನ್ನೂ ಯಾರೋ ದೊಡ್ಡ ಮನುಷ್ಯರು ಅಂತಿದ್ರು. ಒಂದು ದಿನ ಫೋಟೋನ ಕಣ್ಣಿನ ಹತ್ರ ತಂದು ಮದುಮಗಳ ತೋಳಿನ ಅಂಚನ್ನ ಬೆರಳಿಂದ ಸವರಿ, ‘ಇದು ನನ್ನ ಹೊಲಿಗೆ, ಎಡಗಡೆದು ಸ್ವಲ್ಪ ಸೊಟ್ಟ ಆಗಿದೆ’ ಅಂದ್ರು. ಲೆನ್ಸ್ ಹಿಡಿದು ನೋಡಿದೆ, ಎಡಗಡೆದು ಸೊಟ್ಟನೇ ಇತ್ತು. ಹಿಂಭಾಗದಲ್ಲಿ ಪೆನ್ಸಿಲಲ್ಲಿ ಬರೆದೆ: ಬ್ಲೌಸ್ ಹೊಲಿದಿದ್ದು ಮದುಮಗಳೇ. ಹೇಳಿದ್ದು ಅವರೇ.